ಕಲ್ಲು ಓದೋಕೆ ಯಾವ ಕ್ಯಾಮೆರಾ? ಸೆಕೆಂಡ್ ಹ್ಯಾಂಡ್ ನಿಕಾನ್ ಡಿ7200 ಬಗ್ಗೆ

ಶಾಸನದ ಫೋಟೋ ತೆಗೆಯೋಕೆ ಯಾವ ಕ್ಯಾಮೆರಾ ತಗೋಬೇಕು ಅಂತ ಕೇಳಿದವರಿಗೆಲ್ಲ ನಾನು ಇಷ್ಟು ವರ್ಷ ‘ಮೊಬೈಲೇ ಸಾಕು, ದುಡ್ಡು ಪೆಟ್ರೋಲಿಗೆ ಇಟ್ಕೊಳ್ಳಿ’ ಅಂತ ಹೇಳುತ್ತಿದ್ದೆ. ಆ ಮಾತನ್ನು ಈಗ ಅರ್ಧ ಹಿಂದಕ್ಕೆ ತೆಗೆದುಕೊಳ್ಳಬೇಕಾಗಿದೆ. ಪೂರ್ತಿ ಅಲ್ಲ, ಅರ್ಧ. ಕಾರಣ ಒಂದು ಎತ್ವ.

ಕೆಂಗೇರಿ ದಾಟಿ ದೊಡ್ಡಾಲದಮರದ ಕಡೆ ಹೋಗುವ ದಾರಿಯಿಂದ ಒಳಗೆ ಒಂದು ತೋಪಿನಲ್ಲಿ ಒಂದು ವೀರಗಲ್ಲು ಇದೆ. ಕಲ್ಲಿನ ಕ್ಷೇಮದ ದೃಷ್ಟಿಯಿಂದ ಊರಿನ ಹೆಸರು ಬರೆಯುತ್ತಿಲ್ಲ. 2022ರ ಜನವರಿಯಲ್ಲಿ ಅದರ ಫೋಟೋ ಮೊಬೈಲಿನಲ್ಲಿ ತೆಗೆದುಕೊಂಡು ಬಂದು, ಮನೆಯಲ್ಲಿ ದೊಡ್ಡದು ಮಾಡಿ ಓದಿದೆ. ಶಕವರ್ಷದ ಅಂಕಿ ಇದ್ದ ಅಂಚು ಒಡೆದುಹೋಗಿದೆ. ಉಳಿದದ್ದು ಸಂವತ್ಸರ, ತಿಥಿ, ವಾರ. ಸಂವತ್ಸರವನ್ನು ನಾನು ‘ಸೋಭಕೃತು’ ಎಂದು ಓದಿದೆ. ಸಕಾರದ ತಲೆಯ ಮೇಲೆ ಎತ್ವದ ಸುಳಿ ಪರದೆಯಲ್ಲಿ ಕಡೆದಿಟ್ಟ ಹಾಗೆ ಕಾಣುತ್ತಿತ್ತು. ಲಿಪಿ ನೋಡಿ ಶತಮಾನ ಅಂದಾಜು ಮಾಡಿ, ಸ್ವಾಮಿಕಣ್ಣು ಪಿಳ್ಳೈ ಅವರ ಕೋಷ್ಟಕಗಳಲ್ಲಿ ಹುಡುಕಿದೆ. ಒಂದು ವರ್ಷಕ್ಕೆ ತಿಥಿ, ವಾರ ಎರಡೂ ಕೂಡಿತು. ಖುಷಿಯಿಂದ ತಾರೀಖು ಹಾಕಿ ಬರೆದೂ ಬಿಟ್ಟೆ.

ಆ ಎತ್ವ ಕಲ್ಲಿನಲ್ಲಿ ಇಲ್ಲ.

ಎತ್ವ ಇಲ್ಲದಿದ್ದರೆ ಅದು ‘ಸುಭಕೃತು’. ಶುಭಕೃತು, ಶೋಭಕೃತು ಎರಡೂ ಅರವತ್ತು ಸಂವತ್ಸರಗಳ ಸಾಲಿನಲ್ಲಿ ಒಂದರ ಹಿಂದೆ ಒಂದು ಬರುತ್ತವೆ. 2022ರ ಯುಗಾದಿಗೆ ಶುಭಕೃತು ಬಂತು, 2023ರದ್ದಕ್ಕೆ ಶೋಭಕೃತು. ಒಂದು ವರ್ಷದ ವ್ಯತ್ಯಾಸ ತಾನೇ ಅನ್ನಬಹುದು. ಆದರೆ ತಿಥಿ-ವಾರ ಕೂಡಿಸಿ ನೋಡುವ ಲೆಕ್ಕವೆಲ್ಲ ಆ ಒಂದು ಅಕ್ಷರದ ಮೇಲೆ ನಿಂತಿತ್ತು. ಯಾವುದೋ ತಿಥಿಗೆ ಯಾವುದೋ ವಾರ ಸುಮ್ಮನೆ ಕೂಡುವ ಸಾಧ್ಯತೆ ಏಳರಲ್ಲಿ ಒಂದು. ನಾಲ್ಕೈದು ವರ್ಷಗಳನ್ನು ಪರೀಕ್ಷಿಸಿದರೆ ಯಾವುದಾದರೂ ಒಂದು ಕೂಡುವುದರಲ್ಲಿ ಆಶ್ಚರ್ಯವಿಲ್ಲ. ಇಂಜಿನಿಯರ್ ಆದ ನನಗೆ ಇದು ಮೊದಲೇ ಹೊಳೆಯಬೇಕಿತ್ತು.

ತಪ್ಪು ನನ್ನದೇ. ಆದರೆ ಇಲ್ಲದ ಸುಳಿ ಫೋಟೋದಲ್ಲಿ ಎಲ್ಲಿಂದ ಬಂತು?

ಮೊಬೈಲು ಮಾಡುವ ತಿದ್ದುಪಡಿ

ನಮ್ಮ ಬೆಂಗಳೂರಿನ ಸುತ್ತಲಿನ ಕಲ್ಲು ಹೆಚ್ಚಾಗಿ ನೈಸ್. ಲಾಲ್‌ಬಾಗ್ ಬಂಡೆಯ ಜಾತಿ. ಅದರಲ್ಲಿ ಬಿಳಿ, ಬೂದು, ಕಪ್ಪು ಹರಳುಗಳು ಬೆರೆತಿರುತ್ತವೆ. ಒಂದು ಹರಳು ಉದುರಿದ ಜಾಗದಲ್ಲಿ ಸಣ್ಣ ಗುಂಡಿ ಬೀಳುತ್ತದೆ, ಅದು ಅನುಸ್ವಾರದ ಹಾಗೇ ಕಾಣುತ್ತದೆ. ಕಪ್ಪು ಹರಳಿನ ಸಾಲು ಉಳಿಯ ಗೆರೆಯ ಹಾಗೆ ಕಾಣುತ್ತದೆ. ಎದುರು ಬೆಳಕಿನಲ್ಲಿ ತೆಗೆದ ಫೋಟೋ ದಾಖಲಿಸುವುದು ಬಣ್ಣವನ್ನು, ಆಳವನ್ನಲ್ಲ. ಶಾಸನ ಇರುವುದು ಆಳದಲ್ಲಿ.

ಈಗಿನ ಮೊಬೈಲು ಒಂದು ಸಲ ಬಟನ್ ಒತ್ತಿದರೆ ಹಲವು ಫೋಟೋ ತೆಗೆದು ಸೇರಿಸುತ್ತದೆ, ನಾಯ್ಸ್ ಒರೆಸುತ್ತದೆ, ಅಂಚುಗಳನ್ನು ಚೂಪು ಮಾಡುತ್ತದೆ. ಮಗುವಿನ ಮುಖಕ್ಕೆ, ಮಸಾಲೆ ದೋಸೆಗೆ ಇದು ಚೆಂದ. ಸವೆದ ಅಕ್ಷರಕ್ಕೆ ಇದು ಅಪಾಯ. ನಿಜವಾದ ತೆಳು ಗೆರೆ ನಾಯ್ಸ್ ಜೊತೆ ಒರೆಸಿಹೋಗಬಹುದು, ಹರಳಿನ ಅಂಚು ಚೂಪಾಗಿ ಗೆರೆಯಾಗಬಹುದು. ನನ್ನ ಎತ್ವ ಹುಟ್ಟಿದ್ದು ಹಾಗೆ. ಒಂದು ಸಣ್ಣ ಬಿರುಕು, ಅದರ ಪಕ್ಕ ಎರಡು ಕಪ್ಪು ಹರಳು. ಉಳಿದದ್ದನ್ನು ಸಾಫ್ಟ್‌ವೇರ್ ಮತ್ತು ನನ್ನ ಆಸೆ ಸೇರಿ ಬರೆದವು.

ಹಾಗಾಗಿ ಕ್ಯಾಮೆರಾ ಅಳೆಯುವ ನನ್ನ ಅಳತೆಗೋಲು ಬದಲಾಯಿತು. ಚಿತ್ರ ಎಷ್ಟು ಚೆನ್ನಾಗಿ ಬರುತ್ತದೆ ಎನ್ನುವುದು ಮುಖ್ಯವಲ್ಲ. ‘ಇದು ಉಳಿಯ ಗೆರೆಯೋ, ಬಿರುಕೋ’ ಎಂಬ ಪ್ರಶ್ನೆಗೆ ಮನೆಯಲ್ಲಿ ಕೂತು ಉತ್ತರ ಹೇಳುವಷ್ಟು ಸಾಕ್ಷ್ಯ ಅದು ತಂದುಕೊಡುತ್ತದೋ ಇಲ್ಲವೋ, ಅದಷ್ಟೇ ಲೆಕ್ಕ.

ಮೆಗಾಪಿಕ್ಸೆಲ್ ಲೆಕ್ಕ

ಡಿ7200 ಬಂದದ್ದು 2015ರಲ್ಲಿ. ನಿಕಾನ್‌ನವರು ಡಿಎಕ್ಸ್ ಎನ್ನುವ ಕ್ರಾಪ್ ಸೆನ್ಸರ್, 24.2 ಮೆಗಾಪಿಕ್ಸೆಲ್, ಅಂದರೆ 6000 x 4000 ಚುಕ್ಕೆ. ಸೆನ್ಸರ್ ಮುಂದೆ ಚಿತ್ರವನ್ನು ಸ್ವಲ್ಪ ಮಂದ ಮಾಡುವ ಲೋ-ಪಾಸ್ ಫಿಲ್ಟರ್ ಇಲ್ಲ. ಬರೀ ಬಾಡಿ 675 ಗ್ರಾಂ.

90 ಸೆಂ.ಮೀ. x 60 ಸೆಂ.ಮೀ. ಬರಹದ ಭಾಗವಿರುವ ಕಲ್ಲು ತೆಗೆದುಕೊಳ್ಳಿ. ಫ್ರೇಮು ತುಂಬಿಸಿದರೆ ಒಂದು ಮಿಲಿಮೀಟರಿಗೆ ಸುಮಾರು 6.7 ಚುಕ್ಕೆ. ಉಳಿಯ ಗೆರೆ 3 ಮಿ.ಮೀ. ಅಗಲ ಇದ್ದರೆ ಅದರ ಅಡ್ಡಕ್ಕೆ 20 ಚುಕ್ಕೆ. ಬೇಕಾದಷ್ಟಾಯಿತು. ಹಳೆಯ ಡಿ7000ದ 16 ಮೆಗಾಪಿಕ್ಸೆಲ್‌ನಲ್ಲಿ ಇದೇ ಲೆಕ್ಕ 5.5 ಚುಕ್ಕೆ. 16ರಿಂದ 24 ಅಂದರೆ ಒಂದೂವರೆ ಪಟ್ಟು ಅಂತ ಅಂಗಡಿಯವರು ಹೇಳುತ್ತಾರೆ. ಉದ್ದದ ಲೆಕ್ಕದಲ್ಲಿ ಸಿಗುವುದು ಶೇಕಡಾ 22 ಮಾತ್ರ. ಇದರಿಂದ ಓದಲಾಗದ ಅಕ್ಷರ ಓದಿಸಿಕೊಳ್ಳುವುದಿಲ್ಲ.

ಫುಲ್ ಫ್ರೇಮ್ ಬೇಡವೇ? ಟ್ರೈಪಾಡ್ ಮೇಲೆ, ಐಎಸ್‌ಒ 100ರಲ್ಲಿ, ಎಫ್/8ರಲ್ಲಿ ತೆಗೆಯುವಾಗ ಅದರ ದೊಡ್ಡ ಅನುಕೂಲಗಳು ಕೆಲಸಕ್ಕೇ ಬರುವುದಿಲ್ಲ. ಬದಲಿಗೆ ಅದೇ ಚೌಕಟ್ಟಿಗೆ, ಅದೇ ಎಫ್ ಸಂಖ್ಯೆಗೆ ಕ್ರಾಪ್ ಸೆನ್ಸರಿನಲ್ಲಿ ಫೋಕಸ್ ಆಳ ಜಾಸ್ತಿ. ನಮ್ಮ ಕಲ್ಲುಗಳು ವಾಲಿರುತ್ತವೆ, ಉಬ್ಬಿರುತ್ತವೆ. ಅಲ್ಲಿ ಇದು ಲಾಭವೇ.

ನಷ್ಟ ಇರುವುದು ಜಾಗದಲ್ಲಿ. 50 ಎಂಎಂ ಲೆನ್ಸಿನಲ್ಲಿ 90 ಸೆಂ.ಮೀ. ಹಿಡಿಯಲು ಸುಮಾರು 1.9 ಮೀಟರ್ ಹಿಂದೆ ಹೋಗಬೇಕು. ದೇವಸ್ಥಾನದ ಕಂಬಗಳ ನಡುವೆ, ಗೋಡೆ ಪಕ್ಕ ಅಷ್ಟು ಜಾಗ ಎಲ್ಲಿ? 35 ಎಂಎಂಗೆ 1.4 ಮೀಟರ್ ಸಾಕು. ಹಾಗಾಗಿ ಮೊದಲ ಲೆನ್ಸು 35 ಎಂಎಂ ಎಫ್/1.8 ಡಿಎಕ್ಸ್. ಬೇರೆ ಏನೂ ಬೇಡ. ಎಫ್/11 ದಾಟಬೇಡಿ, ಈ ಸೆನ್ಸರಿನ ಸಣ್ಣ ಚುಕ್ಕೆಗಳಿಗೆ ಅಲ್ಲಿಂದ ಮುಂದೆ ಚಿತ್ರ ಮಂದವಾಗುತ್ತಾ ಹೋಗುತ್ತದೆ.

ಬೆಳಕು ಎಲ್ಲಿಂದ

ಕ್ಯಾಮೆರಾಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು. ಪೂರ್ವಕ್ಕೆ ಮುಖ ಮಾಡಿದ ಕಲ್ಲಿಗೆ ಬೆಳಿಗ್ಗೆ ಆರೂವರೆಗೆ ಹೋದರೆ ಸೂರ್ಯ ನೇರ ಎದುರಿಗೆ. ಅಕ್ಷರ ಎಲ್ಲ ಚಪ್ಪಟೆ. ಅದೇ ಕಲ್ಲಿಗೆ ಹನ್ನೊಂದೂವರೆ ಸುಮಾರಿಗೆ ಬಿಸಿಲು ಮೇಲಿನಿಂದ ಮೈ ಸವರಿಕೊಂಡು ಇಳಿಯುತ್ತದೆ. ಆಗ ಗೆರೆಗಳು ಎದ್ದು ಬರುತ್ತವೆ.

ಆದರೆ ಎಲ್ಲ ಗೆರೆಗಳೂ ಅಲ್ಲ. ಮೇಲಿನಿಂದ ಬರುವ ಬೆಳಕು ಅಡ್ಡಗೆರೆಗಳನ್ನು ತೋರಿಸುತ್ತದೆ, ಉದ್ದಗೆರೆಗಳನ್ನು ಮುಚ್ಚುತ್ತದೆ. ಪಕ್ಕದಿಂದ ಬರುವುದು ಅದರ ವಿರುದ್ಧ. ತಲೆಕಟ್ಟು ನೋಡಲು ಒಂದು ದಿಕ್ಕು, ಕೊಂಬು-ಇಳಿ ನೋಡಲು ಇನ್ನೊಂದು. ಕನ್ನಡದ ಅಕ್ಷರ ಗುಂಡಗೆ ಇರುವುದರಿಂದ ಒಂದು ದಿಕ್ಕಿನ ಬೆಳಕಿನಲ್ಲಿ ತೆಗೆದ ಯಾವ ಫೋಟೋವೂ ಪೂರ್ತಿ ಅಕ್ಷರವನ್ನು ಕೊಡುವುದಿಲ್ಲ. ಒಂದೇ ಫೋಟೋ ನೋಡಿ ಓದಿದ್ದೇ ನನ್ನ ಮೂಲ ತಪ್ಪು.

ಇಲ್ಲಿ ಡಿಎಸ್‌ಎಲ್‌ಆರ್ ತನ್ನ ಬೆಲೆ ತೋರಿಸುತ್ತದೆ. ಕ್ಯಾಮೆರಾ ಟ್ರೈಪಾಡ್ ಮೇಲೆ ಕದಲದೆ ಇರಬೇಕು, ಫೋಕಸ್, ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ ಎಲ್ಲ ಕೈಯಿಂದ ಕಟ್ಟಿಹಾಕಬೇಕು. ಆಮೇಲೆ ಫ್ಲಾಶ್ ಒಂದನ್ನೇ ಗಡಿಯಾರದ ಮುಳ್ಳಿನ ಹಾಗೆ ಸುತ್ತ ಜರುಗಿಸುತ್ತಾ ಫೋಟೋ ತೆಗೆಯಬೇಕು. ಕ್ಯಾಮೆರಾ ಮುಟ್ಟದೆ ಕ್ಲಿಕ್ ಮಾಡಲು ಎಂಎಲ್-ಎಲ್3 ಎನ್ನುವ ಸಣ್ಣ ರಿಮೋಟ್ ಇದೆ. ಬಾಡಿಯ ಮೇಲಿರುವ ಪುಟ್ಟ ಫ್ಲಾಶೇ ದೂರದ ನಿಕಾನ್ ಫ್ಲಾಶಿಗೆ ಅಪ್ಪಣೆ ಕೊಡಬಲ್ಲದು. ಬಿಸಿಲಲ್ಲಿ ಅದು ಕೈಕೊಡುವುದರಿಂದ ನಾನು ರೇಡಿಯೋ ಟ್ರಿಗರ್ ಬಳಸುತ್ತೇನೆ.

ಫ್ಲಾಶ್ ತೀರಾ ಹತ್ತಿರ ಇಡಬೇಡಿ. 90 ಸೆಂ.ಮೀ. ಕಲ್ಲಿನ ಅಂಚಿನಿಂದ 45 ಸೆಂ.ಮೀ. ದೂರದಲ್ಲಿ ಇಟ್ಟರೆ ಹತ್ತಿರದ ಅಂಚಿಗೂ ದೂರದ ಅಂಚಿಗೂ ಬೆಳಕಿನಲ್ಲಿ 9 ಪಟ್ಟು ವ್ಯತ್ಯಾಸ. ಎರಡೂವರೆ ಮೀಟರ್ ಹಿಂದೆ ಹೋದರೆ ಎರಡು ಪಟ್ಟಿಗಿಂತ ಕಮ್ಮಿ. ಉಳಿದ ಏರುಪೇರನ್ನು ಡಿ7200ದ ರಾ ಫೈಲು ನುಂಗಿಕೊಳ್ಳುತ್ತದೆ. ಈ ಸೆನ್ಸರಿನ ನಿಜವಾದ ಬಲ ಇದೇ: 14 ಬಿಟ್ ರಾ ಫೈಲಿನಲ್ಲಿ ಕತ್ತಲ ಭಾಗವನ್ನು ಎಷ್ಟೋ ಎತ್ತಿದರೂ ಪಟ್ಟೆ ಪಟ್ಟೆ ಬರುವುದಿಲ್ಲ. ಮಧ್ಯಾಹ್ನದ ಬಿಸಿಲಿದ್ದರೆ ಫ್ಲಾಶ್ ಸೋಲುತ್ತದೆ, ಯಾಕಂದರೆ ಷಟರ್ 1/250ಕ್ಕಿಂತ ಬೇಗ ಹೋಗುವಂತಿಲ್ಲ. ಒಂದು ದೊಡ್ಡ ಕರಿಕೊಡೆ, ಅದನ್ನು ಹಿಡಿಯೋಕೆ ಒಬ್ಬ ಗೆಳೆಯ, ಎರಡೂ ಇಟ್ಟುಕೊಳ್ಳಿ.

ಹೀಗೆ ತೆಗೆದ ನಲವತ್ತು ಐವತ್ತು ಫೋಟೋಗಳನ್ನು ಸೇರಿಸಿ, ಕಂಪ್ಯೂಟರಿನಲ್ಲಿ ಬೆಳಕನ್ನು ಬೇಕಾದ ದಿಕ್ಕಿಗೆ ತಿರುಗಿಸಿ ನೋಡುವ ವಿಧಾನಕ್ಕೆ ಆರ್‌ಟಿಐ ಅಂತಾರೆ. ಮಾಹಿತಿ ಹಕ್ಕಲ್ಲ! 2001ರಲ್ಲಿ ಎಚ್‌ಪಿ ಲ್ಯಾಬ್ಸ್‌ನ ಟಾಮ್ ಮಾಲ್ಜ್‌ಬೆಂಡರ್ ಮತ್ತು ಸಂಗಡಿಗರು ತಂದ ವಿಧಾನದಿಂದ ಬೆಳೆದದ್ದು. ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಬೆಳಕಿನ ದಿಕ್ಕು ತಿಳಿಯಲು ಚೌಕಟ್ಟಿನೊಳಗೆ ಹೊಳೆಯುವ ಕರಿ ಗುಂಡು ಇಡಬೇಕು. ನಾನು ಸ್ನೂಕರ್‌ನ ಕಪ್ಪು ಚೆಂಡು ಇಡುತ್ತೇನೆ. ನಮ್ಮ ಊರಿನ ಶಾಸನಗಳಿಗೆ ಮಿಥಿಕ್ ಸೊಸೈಟಿಯ ಯೋಜನೆಯವರು ತ್ರೀಡಿ ಸ್ಕ್ಯಾನರ್‌ನಿಂದ ಮಾಡುತ್ತಿರುವ ಕೆಲಸ ಇದಕ್ಕಿಂತ ಬಹಳ ಮುಂದಿನದು. ಆದರೆ ಸ್ಕ್ಯಾನರ್ ಎಲ್ಲರ ಹತ್ತಿರ ಇರಲ್ಲ. ಭಾನುವಾರ ಬೈಕಿನಲ್ಲಿ ಹೋಗುವ ನಮ್ಮಂಥವರಿಗೆ ಕೈಗೆ ಎಟಕುವುದು ಇದು.

ವಿಜಯನಗರದ ದರ್ಶಿನಿಯಲ್ಲಿ

ಹೊಸದು ಸಿಗುವ ಕಾಲ ಮುಗಿದಿದೆ, ಡಿ7200 ತಯಾರಿಕೆ ನಿಂತಿದೆ. ಮದುವೆ ಫೋಟೋಗ್ರಾಫರುಗಳು ಮಿರರ್‌ಲೆಸ್ ಕಡೆ ಹೋಗುತ್ತಿರುವುದರಿಂದ ಸೆಕೆಂಡ್ ಹ್ಯಾಂಡ್ ಬೇಕಾದಷ್ಟಿವೆ. 2023ರ ಮಳೆಗಾಲದಲ್ಲಿ ಅಂಥವರೊಬ್ಬರನ್ನು ವಿಜಯನಗರದ ಒಂದು ದರ್ಶಿನಿಯಲ್ಲಿ ಭೇಟಿಯಾದೆ. ಬಾಡಿಗೆ ಮಾತ್ರ 32 ಸಾವಿರ ಹೇಳಿದ್ದರು. ಲ್ಯಾಪ್‌ಟಾಪ್ ಬ್ಯಾಗಿನಿಂದ ತೆಗೆದಾಗ ಅವರಿಗೆ ನಗು.

‘ಏನ್ ಸರ್, ಪೊಲೀಸ್ ತನಿಖೆ ಥರ?’

‘ಹಾಗೇ ಅಂದ್ಕೊಳ್ಳಿ. ಷಟರ್ ಎಷ್ಟಾಗಿದೆ?’

‘ಒಂದು ಐವತ್ತು ಸಾವಿರ ಆಗಿರಬಹುದು ಸರ್.’

ನನ್ನ ಕಾರ್ಡ್ ಹಾಕಿ ಒಂದು ಫೋಟೋ ತೆಗೆದು, ಎಕ್ಸಿಫ್‌ಟೂಲ್‌ನಲ್ಲಿ ತೆರೆದೆ. ನಿಕಾನ್ ಪ್ರತಿ ಫೋಟೋದೊಳಗೂ ಷಟರ್ ಎಣಿಕೆ ಬರೆದಿಡುತ್ತದೆ. 97 ಸಾವಿರ ಚಿಲ್ಲರೆ. ಅವರು ಸುಳ್ಳು ಹೇಳಿದರು ಅಂತ ನನಗೆ ಅನ್ನಿಸಲಿಲ್ಲ. ಸೀಸನ್ನಿನಲ್ಲಿ ದಿನಕ್ಕೆ ಎರಡು ಛತ್ರ ಮಾಡುವವರಿಗೆ ಲೆಕ್ಕ ಇರೋದಿಲ್ಲ.

97 ಸಾವಿರ ಅಂದರೆ ಕೆಟ್ಟದ್ದೇ? ಕಂಪನಿ ಈ ಷಟರನ್ನು 1.5 ಲಕ್ಷಕ್ಕೆ ಪರೀಕ್ಷಿಸಿದೆ. ಅದು ಗ್ಯಾರಂಟಿಯಲ್ಲ, ಸಾವಿನ ದಿನವೂ ಅಲ್ಲ. ನಾನು ಭಾನುವಾರಕ್ಕೆ 300 ಫೋಟೋದಂತೆ ವರ್ಷಕ್ಕೆ 50 ಭಾನುವಾರ ಹೋದರೂ 15 ಸಾವಿರ. ಆ ಲೆಕ್ಕದಲ್ಲಿ ಮೂರೂವರೆ ವರ್ಷ. ನಿಜವಾಗಿ ನಾನು ಅಷ್ಟು ಭಾನುವಾರ ಹೋದರೆ ಮನೆಯಲ್ಲಿ ಊಟ ಸಿಗಲ್ಲ. 28 ಸಾವಿರಕ್ಕೆ ಒಪ್ಪಿಗೆಯಾಯಿತು, ಕಾಫಿ ದುಡ್ಡು ನಾನು ಕೊಟ್ಟೆ.

ಕೊಳ್ಳುವವರು ನೋಡಬೇಕಾದ ಉಳಿದ ವಿಷಯಗಳು: ಎಫ್/16ಕ್ಕೆ ಇಟ್ಟು ಆಕಾಶವನ್ನೋ ಬಿಳಿ ಗೋಡೆಯನ್ನೋ ತೆಗೆದರೆ ಸೆನ್ಸರ್ ಮೇಲಿನ ಧೂಳು, ಎಣ್ಣೆ ಚುಕ್ಕೆ ಕಾಣುತ್ತವೆ. ಧೂಳು ಹೋಗುತ್ತದೆ, ಗೀರು ಹೋಗಲ್ಲ. ಲೆನ್ಸ್ ಹಿಂದಿನಿಂದ ಟಾರ್ಚ್ ಬಿಟ್ಟು ಒಳಗೆ ಜೇಡರಬಲೆಯಂಥ ಫಂಗಸ್ ಇದೆಯಾ ನೋಡಿ. ನಮ್ಮ ಮಳೆಗಾಲ ಅದಕ್ಕೆ ಹಬ್ಬ. ಸೆಟಪ್ ಮೆನುವಿನಲ್ಲಿ ಬ್ಯಾಟರಿ ವಯಸ್ಸು 0ಯಿಂದ 4ರವರೆಗೆ ತೋರಿಸುತ್ತದೆ, 3-4 ಇದ್ದರೆ ಹೊಸ ಬ್ಯಾಟರಿಯ ಬೆಲೆ ಕಳೆದು ಮಾತಾಡಿ. ಎರಡೂ ಕಾರ್ಡ್ ಸ್ಲಾಟಿಗೆ ಬರೆದು ನೋಡಿ. ಹಿಡಿಯುವ ರಬ್ಬರು ಎದ್ದಿದ್ದರೆ ಹೆದರಬೇಡಿ, ಅಂಟಿಸಬಹುದು. ಫ್ಲಾಶ್ ಷೂ, ಪಾಪ್ ಅಪ್ ಫ್ಲಾಶ್ ಎರಡನ್ನೂ ಹೊಡೆದು ನೋಡದೆ ಎದ್ದೇಳಬೇಡಿ, ನಮ್ಮ ಕೆಲಸ ನಿಂತಿರುವುದೇ ಅದರ ಮೇಲೆ.

ಇದೇ ಬೇಕಾ?

ಈಗ ನೇರವಾಗಿ ಹೇಳುತ್ತೇನೆ. ಡಿ7200 ಒಳ್ಳೆಯ ಕ್ಯಾಮೆರಾ, ಆದರೆ ಅದರ ಬೆಲೆಯಲ್ಲಿ ಅರ್ಧ ಹಕ್ಕಿ ಹಿಡಿಯುವವರಿಗೆ, ಮದುವೆ ಹಿಡಿಯುವವರಿಗೆ. 51 ಫೋಕಸ್ ಬಿಂದು, ವೇಗ, ಬಫರ್, ಇವು ಯಾವುವೂ ನನಗೆ ಬೇಡ. ಕಲ್ಲು ಓಡಿಹೋಗಲ್ಲ.

ದೊಡ್ಡ ಕೊರತೆ ಅದರ ಪರದೆ. ಅದು ಬಾಡಿಗೆ ಅಂಟಿಕೊಂಡಿದೆ, ಮಡಚಿ ತಿರುಗುವುದಿಲ್ಲ. ಅರ್ಧ ಹೂತ ಕಲ್ಲಿನ ಕೆಳಸಾಲು ತೆಗೆಯುವಾಗ ನೆಲದ ಮೇಲೆ ಬೋರಲು ಮಲಗಲೇಬೇಕು. ಮುಳ್ಳು, ಇರುವೆ, ಒಂದು ಸಲ ಸಗಣಿ. 2013ರ ಡಿ5300ರಲ್ಲಿ ಇದೇ 24 ಮೆಗಾಪಿಕ್ಸೆಲ್, ಅದಕ್ಕೂ ಲೋ-ಪಾಸ್ ಫಿಲ್ಟರ್ ಇಲ್ಲ, ಪರದೆ ಹೊರಗೆ ಬಂದು ತಿರುಗುತ್ತದೆ, ಬೆಲೆಯೂ ಕಮ್ಮಿ. ದೂರದ ಫ್ಲಾಶಿಗೆ ತಾನೇ ಅಪ್ಪಣೆ ಕೊಡಲು ಅದಕ್ಕೆ ಆಗದು, ಆದರೆ ಅಗ್ಗದ ರೇಡಿಯೋ ಟ್ರಿಗರ್ ಆ ಕೊರತೆ ತುಂಬುತ್ತದೆ. ಕ್ಯಾನನ್ ಇಷ್ಟಪಡುವವರಿಗೆ 2016ರ 80ಡಿ ಇದೆ, ಅದರ ಪರದೆಯೂ ತಿರುಗುತ್ತದೆ. ಬರೀ ಶಾಸನಕ್ಕೆ ಅಂತ ಇವತ್ತು ಮೊದಲ ಕ್ಯಾಮೆರಾ ಕೊಳ್ಳುವವರಿಗೆ ನಾನು ಡಿ5300 ಹುಡುಕಿ ಅಂತಲೇ ಹೇಳುತ್ತೇನೆ. ಉಳಿದ ದುಡ್ಡು ಗಟ್ಟಿ ಟ್ರೈಪಾಡಿಗೆ, ಫ್ಲಾಶಿಗೆ ಹೋಗಲಿ.

ಹಾಗಾದರೆ ನಾನು ಡಿ7200 ಇಟ್ಟುಕೊಂಡಿರುವುದು ಯಾಕೆ? ಎರಡು ಕಾರಣ. ಪ್ರತಿ ಫೋಟೋವನ್ನೂ ಎರಡು ಕಾರ್ಡಿಗೆ ಒಟ್ಟಿಗೆ ಬರೆಯುತ್ತದೆ. ಒಂದು ಬ್ಯಾಟರಿಯಲ್ಲಿ ಕಂಪನಿ ಲೆಕ್ಕದಂತೆ 1110 ಫೋಟೋ, ದಿನವಿಡೀ ತೋಟ ಸುತ್ತಿದರೂ ಮುಗಿಯಲ್ಲ. ಮತ್ತೆ ಹೋಗಿ ತೆಗೆಯಬಹುದು ಅನ್ನುವ ಕೆಲಸದಲ್ಲಿ ಇವು ಸಣ್ಣ ಅನುಕೂಲ. ಮತ್ತೆ ಸಿಗದ ಕಲ್ಲಿನ ಮುಂದೆ ಇವೇ ದೊಡ್ಡವು.

ಮೊಬೈಲ್ ಮಾತ್ರ ಇರುವವರು ಬೇಜಾರು ಮಾಡಿಕೊಳ್ಳಬೇಡಿ. ಸಂಜೆ ಕತ್ತಲಾದ ಮೇಲೆ ಹೋಗಿ, ಮೊಬೈಲನ್ನು ಎಲ್ಲಾದರೂ ಕದಲದಂತೆ ನಿಲ್ಲಿಸಿ, ರಾ ಮೋಡ್ ಇದ್ದರೆ ಹಾಕಿ, ಟಾರ್ಚನ್ನು ನಾಲ್ಕೂ ಕಡೆಯಿಂದ ಓರೆಯಾಗಿ ಹಿಡಿದು ನಾಲ್ಕು ಫೋಟೋ ತೆಗೆಯಿರಿ. ನಡುಮಧ್ಯಾಹ್ನ ಡಿಎಸ್‌ಎಲ್‌ಆರ್‌ನಲ್ಲಿ ತೆಗೆದ ಒಂದು ಫೋಟೋಗಿಂತ ಅದು ಹೆಚ್ಚು ಹೇಳುತ್ತದೆ. ಸೀಮೆಸುಣ್ಣ, ಮೈದಾ, ಎಣ್ಣೆ ಮಾತ್ರ ಖಂಡಿತ ಬೇಡ. ಕಲ್ಲಿಗೆ ಕೆಟ್ಟದ್ದು ಅನ್ನುವುದು ಒಂದು ಕಡೆ. ಸೀಮೆಸುಣ್ಣ ತುಂಬಿದ ಅಕ್ಷರ ಶಾಸನದ್ದಲ್ಲ, ತುಂಬಿದವರ ಅಭಿಪ್ರಾಯ. ಮೊಬೈಲು ಸದ್ದಿಲ್ಲದೆ ಮಾಡುವುದನ್ನು ನಾವು ಕೈಯಿಂದ ಮಾಡಿದ ಹಾಗಾಯಿತು.

ಮತ್ತೆ ಆ ಕಲ್ಲು

2023ರ ಡಿಸೆಂಬರಿನಲ್ಲಿ ಗೆಳೆಯನನ್ನು ಕರೆದುಕೊಂಡು ತೋಪಿಗೆ ಹೋಗಿ, 48 ಫೋಟೋ ತೆಗೆದೆವು. ಮನೆಗೆ ಬಂದು ಬೆಳಕನ್ನು ತಿರುಗಿಸುತ್ತಾ ಹೋದೆ. ಉಳಿಯಿಂದ ಕಡೆದ ಗೆರೆಗೆ ಎರಡು ದಡ ಇರುತ್ತದೆ: ಎಡದಿಂದ ಬೆಳಕು ಬಿದ್ದಾಗ ಒಂದು ದಡ ಬೆಳಗುತ್ತದೆ, ಬಲದಿಂದ ಬಿದ್ದಾಗ ಇನ್ನೊಂದು. ಪಕ್ಕದ ಅಕ್ಷರಗಳೆಲ್ಲ ಹಾಗೇ ನಡೆದುಕೊಂಡವು. ನನ್ನ ಎತ್ವ ಯಾವ ದಿಕ್ಕಿನಿಂದ ಬೆಳಕು ಹಾಕಿದರೂ ಅದೇ ಕಪ್ಪು. ಆಳವೇ ಇಲ್ಲ. ಬಣ್ಣ ಮಾತ್ರ.

ಹಾಗಾಗಿ ಆ ಶಾಸನದ ಸಂವತ್ಸರ ‘ಸುಭಕೃತು’ ಎಂದು ತಿದ್ದಿಕೊಳ್ಳಬೇಕಾಗಿ ವಿನಂತಿ. ಹೊಸ ಓದಿಗೆ ತಿಥಿ, ವಾರ ಎರಡೂ ಕೂಡುವ ವರ್ಷ ನನ್ನ ಅಂದಾಜಿನ ಶತಮಾನದಲ್ಲಿ ಸಿಗಲಿಲ್ಲ. ವಾರದ ಹೆಸರನ್ನೂ ನಾನು ತಪ್ಪು ಓದಿರಬಹುದು, ಶತಮಾನದ ಅಂದಾಜೇ ತಪ್ಪಿರಬಹುದು. ಹಿಂದೆ ಕೊಟ್ಟ ತಾರೀಖನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ, ಬದಲಿಗೆ ಇನ್ನೊಂದು ಕೊಡುತ್ತಿಲ್ಲ. 28 ಸಾವಿರ ಕೊಟ್ಟು ಇದ್ದ ಒಂದು ತಾರೀಖು ಕಳೆದುಕೊಂಡೆಯಲ್ಲ ಅಂತ ಗೆಳೆಯ ಹಂಗಿಸುತ್ತಾನೆ.

2024ರಲ್ಲಿ ಮತ್ತೆ ಆ ಕಡೆ ಹೋಗಿದ್ದೆ. ಊರಿನವರು ಭಕ್ತಿಯಿಂದಲೇ ತೋಪಿಗೆ ಕಾಂಪೌಂಡ್ ಕಟ್ಟಿಸಿ, ವಾಲಿದ್ದ ಕಲ್ಲನ್ನು ನೆಟ್ಟಗೆ ಮಾಡಿ ಸಿಮೆಂಟಿನಲ್ಲಿ ನಿಲ್ಲಿಸಿದ್ದಾರೆ. ಕಳ್ಳರ ಭಯ ತಪ್ಪಿತು. ಕೆಳಗಿನ ಎರಡು ಸಾಲು ಸಿಮೆಂಟಿನೊಳಗೆ ಹೋಗಿವೆ. ಪೂಜೆ ಮಾಡುತ್ತಿದ್ದ ಅಜ್ಜ ‘ಚೆನ್ನಾಗ್ ಆಯ್ತಲ್ವಾ ಸಾಮಿ?’ ಅಂದರು. ‘ಚೆನ್ನಾಗಾಯ್ತು ತಾತ’ ಅಂದೆ.

ಆ ಎರಡು ಸಾಲು ಈಗ ಇರುವುದು 48 ರಾ ಫೈಲುಗಳಲ್ಲಿ. ಅವುಗಳಲ್ಲಿ ನಾನು ಓದಲಾಗದ ಐದು ಅಕ್ಷರಗಳಿವೆ. ಫೈಲುಗಳನ್ನು ತಿದ್ದದೆ, ಹಾಗೇ ಇಟ್ಟಿದ್ದೇನೆ. ನನಗಿಂತ ಚೆನ್ನಾಗಿ ಓದಬಲ್ಲವರು ಕೇಳಿದರೆ ಕಳಿಸುತ್ತೇನೆ.